ಸೋಡಾ ತಂದುಕೊಟ್ಟ ಮಗಳಿಗೆ

ಪುಟ್ಟೀ,

ಗೆಳತಿಯರ ಜೊತೆ ಕುಡಿದೆ ಎಂದು ನೀನೇ ಬಂದು ಹೇಳಿದೆ. "ಅಪ್ಪಾ, ಇದು ನನ್ನ ರಕ್ತದಲ್ಲೂ ಇದೆಯೇ?" ಎಂದು ಕೇಳಿದೆ. ನಾನು ಸಿಟ್ಟಿನಿಂದ ಎದ್ದುಹೋದೆ. ತಪ್ಪು ನನ್ನದು. ನಾಳೆ ಹೈದರಾಬಾದಿನ ರೈಲು ಹತ್ತುವ ಮೊದಲು ಇದನ್ನು ಓದು.

ನನ್ನ ಕುಡಿತದ ಆ ವರ್ಷಗಳನ್ನೆಲ್ಲ ಕೆದಕುವುದಿಲ್ಲ, ನಿನಗೂ ಅಮ್ಮನಿಗೂ ಗೊತ್ತಿದೆ. ಆದರೆ ಹನುಮಂತನಗರದ ತಿರುವಿನ ಆ ಅಂಗಡಿ ನನ್ನನ್ನು ಬಿಡುತ್ತಿಲ್ಲ. ನಿನಗಾಗ ಎಂಟು ವರ್ಷ. ಸಂಜೆಯಾದರೆ ಸೋಡಾ, ಕಾಂಗ್ರೆಸ್ ಕಡಲೆಕಾಯಿ ತರಲು ನಿನ್ನನ್ನೇ ಕಳಿಸುತ್ತಿದ್ದೆ. ನೀನು ಬಾಟಲಿಯನ್ನು ಎರಡೂ ಕೈಗಳಿಂದ ಎದೆಗವಚಿಕೊಂಡು ಮೆಲ್ಲಗೆ ಬರುತ್ತಿದ್ದೆ. ಅಲುಗಿದರೆ ಉಕ್ಕುತ್ತದೆ, ಉಕ್ಕಿದರೆ ಅಪ್ಪ ಬೈಯುತ್ತಾನೆ. ತಣ್ಣನೆಯ ಬಾಟಲಿಯ ನೀರಿಗೆ ನಿನ್ನ ಫ್ರಾಕು ಒದ್ದೆಯಾಗಿರುತ್ತಿತ್ತು. ಚಿಲ್ಲರೆಯನ್ನು ಎಣಿಸಿ ಮೇಜಿನ ಮೇಲಿಡುತ್ತಿದ್ದೆ, ಒಂದು ರೂಪಾಯಿಯೂ ತಪ್ಪದಂತೆ.

ಬಿಟ್ಟು ಒಂಬತ್ತು ವರ್ಷವಾಯಿತು. ಆ ತಿರುವಿನಲ್ಲಿ ಸೋಡಾ ತೆರೆಯುವ ಸದ್ದು ಕೇಳಿದರೆ ಇವತ್ತಿಗೂ ಬಾಯಲ್ಲಿ ನೀರೂರುತ್ತದೆ. ರಾಮಾಂಜನೇಯ ಗುಡ್ಡದ ಕಡೆಯಿಂದ ಸುತ್ತು ಹಾಕಿ ಮನೆಗೆ ಬರುತ್ತೇನೆ.

ಇದು ನನ್ನ ಮನಸ್ಸಿನ ದೌರ್ಬಲ್ಯ ಎಂದೇ ನಂಬಿದ್ದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಸಂಶೋಧನೆಯ ಬಗ್ಗೆ ಓದಿದಾಗ ಮೈ ಜುಮ್ಮೆಂದಿತು. ಯಕೃತ್ತು ಮದ್ಯವನ್ನು ಒಡೆದಾಗ ಅಸಿಟೇಟ್ ಎಂಬ ರಾಸಾಯನಿಕ ಹುಟ್ಟುತ್ತದೆ. ಅದು ಮಿದುಳಿಗೆ ಹೋಗಿ, ಅದರ ಅಂಶ ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಎಂಬ ಪ್ರೋಟೀನ್‌ಗಳಿಗೆ ಅಂಟುತ್ತದೆ. ಸುರುಳಿ ಸಡಿಲವಾಗಿ, ಕಲಿಕೆಗೂ ನೆನಪಿಗೂ ಬೇಕಾದ ಜೀನ್‌ಗಳು ಚುರುಕಾಗುತ್ತವೆ. ಅವರ ಪ್ರಯೋಗದಲ್ಲಿ ಮದ್ಯ ಸಿಕ್ಕಿದ ಜಾಗಕ್ಕೇ ಇಲಿಗಳು ಮತ್ತೆ ಹೋಗುತ್ತಿದ್ದವು. ಹೀಗೆ ಅಂಟಿಸುವ ಕೆಲಸಕ್ಕೆ ಬೇಕಾದ ಕಿಣ್ವವನ್ನು ಅವುಗಳ ಮಿದುಳಿನಲ್ಲಿ ತಗ್ಗಿಸಿದಾಗ ಆ ಸೆಳೆತವೇ ಕಾಣಲಿಲ್ಲ. ಗರ್ಭಿಣಿ ಇಲಿಗೆ ಕೊಟ್ಟ ಮದ್ಯದ ಅಂಶ ಮರಿಗಳ ಮಿದುಳಿಗೂ ತಲುಪಿತ್ತು.

ಅಂದರೆ ಆ ತಿರುವನ್ನು ನನ್ನೊಳಗೆ ಕೊರೆದದ್ದು ಮದ್ಯವೇ. ಕೊರೆಯುವಾಗ ಒದ್ದೆ ಫ್ರಾಕಿನ ನಿನ್ನನ್ನೂ ಸೇರಿಸಿಕೊಂಡಿತು. ಅದಕ್ಕೆ ನಿನ್ನ ಕ್ಷಮೆ ಕೇಳಬೇಕು. ಇಷ್ಟು ವರ್ಷ ಕೇಳಲೇ ಇಲ್ಲ.

ಇನ್ನು ನಿನ್ನ ಪ್ರಶ್ನೆ. ಈ ಚಟಕ್ಕೆ ಬೀಳುವ ಅಪಾಯದಲ್ಲಿ ಸುಮಾರು ಅರ್ಧದಷ್ಟು ವಂಶವಾಹಿಗಳ ಪಾಲು ಎಂದು ಅವಳಿಗಳ ಅಧ್ಯಯನಗಳು ಹೇಳುತ್ತವೆ. ಅದು ಹಣೆಬರಹವಲ್ಲ. ಆದರೂ ನೀನು ನನ್ನ ಮಗಳು, ಬೇರೆಯವರ ಲೆಕ್ಕ ನಿನಗೆ ಹೊಂದುವುದಿಲ್ಲ. ದಣಿದ ದಿನ ಕುಡಿಯಬೇಡ. ಬೇಸರಕ್ಕೆ ಕುಡಿಯಬೇಡ. ಒಬ್ಬಳೇ ಕುಳಿತು ಎಂದಿಗೂ ಬೇಡ. ಬೇಕೆನಿಸಿದ ರಾತ್ರಿ, ಎಷ್ಟು ಹೊತ್ತಾಗಿದ್ದರೂ, ನನಗೆ ಫೋನ್ ಮಾಡು.

ನೀನಾಗಿಯೇ ಬಂದು ಹೇಳಿದೆಯಲ್ಲ, ಅದು ನನಗೆ ಹೆಮ್ಮೆ. ನಿಮ್ಹಾನ್ಸ್ ವೈದ್ಯರ ಮುಂದೆ ಅಷ್ಟು ಹೇಳಲು ನನಗೆ ಹನ್ನೊಂದು ವರ್ಷ ಬೇಕಾಯಿತು.

ನಾಳೆ ನಿಲ್ದಾಣಕ್ಕೆ ಹೋಗುವಾಗ ಆಟೋ ಆ ತಿರುವಿನಿಂದಲೇ ಹೋಗಲಿ. ನೀನು ಪಕ್ಕದಲ್ಲಿರುತ್ತೀಯಲ್ಲ.

ನಿನ್ನ
ಅಪ್ಪ