ಹುಡುಗರಿಗೆ ಕೆಲಸ ಬರಲ್ಲ ಅನ್ನುತ್ತೀರಿ, ಕಲಿಸುವವರು ಯಾರು?

ಮಾನ್ಯ ಸಂಪಾದಕರೇ,

ಈಗಿನ ಹುಡುಗರಿಗೆ ಡಿಗ್ರಿ ಇದೆ, ಕೆಲಸ ಮಾತ್ರ ಬರಲ್ಲ. ಈ ಮಾತು ಪತ್ರಿಕೆಗಳಲ್ಲೂ ಬರುತ್ತದೆ, ನಮ್ಮ ಪೀಣ್ಯ ಕೈಗಾರಿಕಾ ಪ್ರದೇಶದ ಟೀ ಅಂಗಡಿ ಮುಂದೆಯೂ ಕೇಳುತ್ತದೆ. ನಾನು ಇಲ್ಲಿನ, ಕಂಪ್ಯೂಟರ್ ಪ್ರೋಗ್ರಾಂನಿಂದ ಲೋಹ ಕತ್ತರಿಸುವ ಮಷಿನ್‌ಗಳಿರುವ ಒಂದು ಸಣ್ಣ ಸಿಎನ್‌ಸಿ ಶಾಪ್‌ನಲ್ಲಿ ಸೂಪರ್‌ವೈಸರ್. ಹೊಸಬರನ್ನು ಮಷಿನ್ ಮುಂದೆ ನಿಲ್ಲಿಸಿ ಕೆಲಸ ಹೇಳಿಕೊಡುವುದು ನನ್ನ ಪಾಲಿಗೆ ಬಂದಿರುವ ಕೆಲಸ. ಹಾಗಾಗಿ ಈ ವಿಷಯದಲ್ಲಿ ನನಗೂ ಹೇಳುವುದಿದೆ.

ಹುಡುಗರು ತಯಾರಾಗಿ ಬರುತ್ತಿಲ್ಲ, ಅದು ನಿಜ. ಕಳೆದ ವರ್ಷ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿದ ಹುಡುಗನೊಬ್ಬ ಸೇರಿಕೊಂಡ. ಶಿರಾ ಕಡೆಯವನು, ಫಸ್ಟ್ ಕ್ಲಾಸ್. ದಪ್ಪ ಅಳೆಯುವ ಮೈಕ್ರೋಮೀಟರ್‌ನ ಲೀಸ್ಟ್ ಕೌಂಟ್ (ಅದು ಅಳೆಯಬಲ್ಲ ಅತಿ ಸಣ್ಣ ಅಳತೆ) ಎಷ್ಟಪ್ಪಾ ಅಂದರೆ ಥಟ್ ಅಂತ ಹೇಳಿದ. ಆದರೆ ಶಾಫ್ಟ್ ಅಳೆಯಲು ಕೊಟ್ಟಾಗ, ಹದವಾದ ಒತ್ತಡಕ್ಕೆ ಜಾರಿ ನಿಲ್ಲುವ ಹಿಂದಿನ ರ‍್ಯಾಚೆಟ್ ಬಿಟ್ಟು, ಅದರ ಮುಂದಿರುವ ತಿರುಗುವ ಕೊಳವೆ, ಥಿಂಬಲ್ಲನ್ನೇ ಹಿಡಿದು, ನಟ್ಟು ಬಿಗಿ ಮಾಡುವ ಹಾಗೆ ತಿರುಗಿಸಿದ. ಹಾಗೆ ಬಿಗಿದರೆ ರೀಡಿಂಗ್ ಕಡಿಮೆ ತೋರಿಸುತ್ತದೆ. 25.02 ಮಿ.ಮೀ. ಇದ್ದದ್ದು ಅವನಿಗೆ 25.00 ಅಂತ ಕಂಡಿತು. ಓಕೆ ಅಂದುಕೊಂಡು ಒಂದೊಂದೇ ಟ್ರೇಗೆ ಹಾಕುತ್ತಾ ಹೋದ. ಮಧ್ಯಾಹ್ನ ಅಸೆಂಬ್ಲಿಯಲ್ಲಿ ನೋಡಿದರೆ ಒಂದೂ ಅದು ಕೂರಬೇಕಾದ ರಂಧ್ರಕ್ಕೆ, ಅಂದರೆ ಬೋರ್‌ಗೆ ಇಳಿಯುತ್ತಿಲ್ಲ. ಸೈಜ್ ಜಾಸ್ತಿ ಇದ್ದದ್ದರಿಂದ ರೀವರ್ಕ್ ಮಾಡಿ ಉಳಿಸಿಕೊಂಡೆವು. ಕಡಿಮೆ ಆಗಿದ್ದರೆ ಅಷ್ಟೂ ಸ್ಕ್ರ್ಯಾಪ್.

"ಗೊತ್ತಿಲ್ಲ ಅಂದ ಮೇಲೆ ಕೇಳಬಾರದಿತ್ತೇನಪ್ಪಾ" ಅಂದೆ.

"ಇಂಜಿನಿಯರ್ ಆಗಿ ಇದೂ ಗೊತ್ತಿಲ್ವಾ ಅಂತ ಬೈತೀರೇನೋ ಅಂತ ಭಯ ಆಯ್ತು ಸಾರ್."

ಆಮೇಲೆ ಅವನ ಕಾಲೇಜಿನ ಲ್ಯಾಬ್ ಬಗ್ಗೆ ವಿಚಾರಿಸಿದೆ. ಬ್ಯಾಚ್‌ಗೆ ಒಂದು ಲೇತ್ ಅಂತೆ, ಒಬ್ಬ ಓಡಿಸುತ್ತಾನೆ, ಉಳಿದವರು ಸುತ್ತ ನಿಂತು ನೋಡುತ್ತಾರೆ, ಆಮೇಲೆ ಎಲ್ಲರೂ ಸೀನಿಯರ್‌ಗಳ ರೆಕಾರ್ಡ್ ಇಟ್ಟುಕೊಂಡು ಕಾಪಿ ಮಾಡಿ ಸಹಿ ಹಾಕಿಸಿಕೊಳ್ಳುತ್ತಾರೆ. ಜಾಸ್ತಿ ಪ್ರಶ್ನೆ ಕೇಳಿದವನ ಇಂಟರ್ನಲ್ ಮಾರ್ಕ್ಸ್‌ಗೆ ಕತ್ತರಿ. ನಾಲ್ಕು ವರ್ಷ ಬಾಯಿ ಮುಚ್ಚಿಕೊಂಡು ಕೂತರೆ ಒಳ್ಳೆಯ ಹುಡುಗ ಅಂತ ಹೇಳಿಸಿಕೊಂಡು ಬಂದವನಿಗೆ, ಕೆಲಸಕ್ಕೆ ಸೇರಿದ ದಿನದಿಂದ ನಿನಗೆ ಮಾತಾಡಲು ಬರಲ್ಲ, ಕಮ್ಯುನಿಕೇಷನ್ ಇಲ್ಲ ಅಂದರೆ ಅವನು ಎಲ್ಲಿಗೆ ಹೋಗಬೇಕು? ಕನ್ನಡ ಮೀಡಿಯಂನಲ್ಲಿ ಓದಿದವನಿಗಂತೂ ಇಂಗ್ಲಿಷಿನ ಭಯವೂ ಸೇರಿಕೊಳ್ಳುತ್ತದೆ. ಮಷಿನ್ ಮೇಲೆ ಕನ್ನಡದಲ್ಲಿ ಚೆನ್ನಾಗಿ ವಿವರಿಸುವ ಹುಡುಗ ಒಂದು ಮೇಲ್ ಬರೆಯಬೇಕು ಅಂದರೆ ಬೆವರುತ್ತಾನೆ.

ಇದೇ ರಾಜ್ಯದಲ್ಲಿ ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರವಾದ ಜಿಟಿಟಿಸಿಯಿಂದಲೂ ಹುಡುಗರು ಬರುತ್ತಾರೆ. ಮೂರು ವರ್ಷ ಅಲ್ಲಿ ಕಲಿತು ನಾಲ್ಕನೇ ವರ್ಷ ಕಾರ್ಖಾನೆಯಲ್ಲೇ ತರಬೇತಿ. ಫೈಲ್ ಹಿಡಿದು ಕಬ್ಬಿಣದ ತುಂಡನ್ನು ಉಜ್ಜಿ ಉಜ್ಜಿ ಕೈ ಪಳಗಿರುತ್ತದೆ. ಡ್ರಾಯಿಂಗ್ ಕೊಟ್ಟರೆ ಮೊದಲು ಟಾಲರೆನ್ಸ್ (ಅಳತೆ ಎಷ್ಟು ಹೆಚ್ಚುಕಡಿಮೆ ಆಗಬಹುದು ಅನ್ನುವುದು) ನೋಡುತ್ತಾರೆ. ಬಿಡದಿಯಲ್ಲಿ ಟೊಯೋಟಾದವರು 2007ರಿಂದ ಒಂದು ತರಬೇತಿ ಶಾಲೆ ನಡೆಸುತ್ತಿದ್ದಾರೆ. ಎಸ್‌ಎಸ್‌ಎಲ್‌ಸಿ ಮುಗಿಸಿದ ಬಡವರ ಮನೆ ಮಕ್ಕಳನ್ನು ಅಲ್ಲೇ ಉಳಿಸಿಕೊಂಡು ಮೂರು ವರ್ಷ ಕಲಿಸುತ್ತಾರೆ. ಅವರೂ ಹಳ್ಳಿ ಮಕ್ಕಳೇ ಅಲ್ವಾ? ಅವರಿಗೆ ಬರುವುದು ನಮ್ಮ ಇಂಜಿನಿಯರ್ ಹುಡುಗನಿಗೆ ಯಾಕೆ ಬರಲ್ಲ ಅಂದರೆ, ಅವರ ಕೈಗೆ ಯಾರೋ ಸಾಮಾನು ಕೊಟ್ಟರು, ತಪ್ಪು ಮಾಡಲು ಬಿಟ್ಟರು, ಪಕ್ಕದಲ್ಲಿ ನಿಂತು ತಿದ್ದಿದರು.

ನಮ್ಮ ಹಿಂದಿನವರನ್ನೇ ನೋಡಿ. ಎಚ್‌ಎಂಟಿ, ಬಿಇಎಲ್, ಎಚ್‌ಎಎಲ್, ಟೆಲಿಫೋನ್ ಮಾಡುತ್ತಿದ್ದ ಐಟಿಐನಂಥ ಸರ್ಕಾರಿ ಕಾರ್ಖಾನೆಗಳಿಗೆ ಅಪ್ರೆಂಟಿಸ್ ಆಗಿ ಹೋದವರಲ್ಲಿ ಎಷ್ಟು ಜನ ಮೊದಲೇ ಕೆಲಸ ಕಲಿತು ಹೋಗಿದ್ದರು? ಏನೂ ಗೊತ್ತಿಲ್ಲದೆ ಹೋದರು. ಕಾರ್ಖಾನೆಯೇ ಸ್ಟೈಪೆಂಡ್ ಕೊಟ್ಟು ಕಲಿಸಿತು. ಪೀಣ್ಯದಲ್ಲಿ ಇವತ್ತು ಮಾಲೀಕರಾಗಿರುವ ಎಷ್ಟೋ ಹಿರಿಯರು ಅಲ್ಲಿ ಪಳಗಿದವರೇ. ಈಗ ಅದೇ ಪೀಣ್ಯದ ಗೇಟಿನ ಮೇಲೆ ಬೋರ್ಡು: ಫ್ರೆಶರ್ಸ್ ಬೇಕಾಗಿದ್ದಾರೆ, ಎರಡು ವರ್ಷದ ಅನುಭವ ಕಡ್ಡಾಯ. ಎಲ್ಲರೂ ಹೀಗೆ ಕೇಳಿದರೆ ಆ ಮೊದಲ ಎರಡು ವರ್ಷ ಅವನು ಎಲ್ಲಿ ಕಳೆಯಬೇಕು?

ದೊಡ್ಡ ಕಂಪನಿಗಳ ಕಥೆಯೂ ಬಹಳ ಬೇರೆಯಲ್ಲ. 2025ರ ಫೆಬ್ರವರಿಯಲ್ಲಿ ಮೈಸೂರಿನ ಇನ್ಫೋಸಿಸ್ ಕ್ಯಾಂಪಸ್‌ನಿಂದ 300ಕ್ಕೂ ಹೆಚ್ಚು ಟ್ರೈನಿಗಳನ್ನು ಮನೆಗೆ ಕಳಿಸಿದರು. ಮೂರು ಅವಕಾಶ ಕೊಟ್ಟರೂ ಒಳಗಿನ ಪರೀಕ್ಷೆ ಪಾಸಾಗಲಿಲ್ಲ ಅನ್ನುವುದು ಕಂಪನಿ ಹೇಳಿದ ಕಾರಣ. ಆದರೆ ಅವರಲ್ಲಿ ಅನೇಕರು 2022ರಲ್ಲೇ ಆಫರ್ ಲೆಟರ್ ಕೈಯಲ್ಲಿ ಹಿಡಿದು ಎರಡು ವರ್ಷ ಕಾದವರು. ಕಾಲೇಜು ಬಿಟ್ಟು ಅಷ್ಟು ದಿನ ಕಾಯಿಸಿ ಆಮೇಲೆ ಪರೀಕ್ಷೆಯ ಮೇಲೆ ಪರೀಕ್ಷೆ ಇಟ್ಟರೆ, ಸೋತದ್ದು ಬರೀ ಹುಡುಗರು ಅಂತ ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಕಾನೂನು ಇಲ್ಲದೆ ಇಲ್ಲ. 1961ರ ಅಪ್ರೆಂಟಿಸ್ ಕಾಯ್ದೆ ಇದೆ. 30 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಕೇಂದ್ರ ಸರ್ಕಾರವೂ ಸ್ಟೈಪೆಂಡಿನ ಕಾಲು ಭಾಗ, ತಿಂಗಳಿಗೆ 1500 ರೂಪಾಯಿವರೆಗೆ, ಕೊಡುತ್ತದೆ. ತೆಗೆದುಕೊಳ್ಳುವವರೂ ಇದ್ದಾರೆ. ಆದರೆ ಅಪ್ರೆಂಟಿಸ್ ಅಂತ ಬಂದವನನ್ನು ವರ್ಷಪೂರ್ತಿ ಪ್ಯಾಕಿಂಗ್, ಲೋಡಿಂಗ್ ಮಾಡಿಸಿ, ಸರ್ಟಿಫಿಕೇಟ್ ಕೊಟ್ಟು ಕಳಿಸಿ, ಮರುದಿನ ಅದೇ ಜಾಗಕ್ಕೆ ಇನ್ನೊಬ್ಬನನ್ನು ಕರೆಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಲಿಸಿದ ಮೇಲೆ ಎರಡು ಸಾವಿರ ಜಾಸ್ತಿ ಅಂತ ಪಕ್ಕದ ಶಾಪ್‌ಗೆ ಹೋಗಿಬಿಡುತ್ತಾರೆ ಅನ್ನುವುದು ಮಾಲೀಕರ ದೂರು. ಹೋಗುತ್ತಾರೆ, ಸುಳ್ಳಲ್ಲ. ಪೀಣ್ಯದ ರೂಮ್ ಬಾಡಿಗೆ ಗೊತ್ತಿದ್ದವರು ಅದಕ್ಕೆ ಅವರನ್ನು ಬೈಯುವುದಿಲ್ಲ. ಕಲಿತ ಮೇಲೆ ಸಂಬಳ ಏರಿಸಿದರೆ ಉಳಿಯುವವರೂ ಇದ್ದಾರೆ.

ಇನ್ನೊಂದು ಮಾತು ಹೇಳಲೇಬೇಕು. ಆ ಶಿರಾ ಹುಡುಗ ಈಗ ನಮ್ಮಲ್ಲಿ ಪ್ರೋಗ್ರಾಂ ಬರೆಯುತ್ತಾನೆ. ಒಂದು ರಾತ್ರಿ ಮಷಿನ್ ಅಲಾರಂ ಬಂದು ನಿಂತಾಗ, ಸರ್ವಿಸ್‌ನವರು ಬೆಳಿಗ್ಗೆ ಬರುತ್ತೇವೆ ಅಂದರು. ಅವನು ಯೂಟ್ಯೂಬ್ ನೋಡಿ, ಮ್ಯಾನ್ಯುಯಲ್ ತೆಗೆದು ಓದಿ, ಅರ್ಥವಾಗದ್ದನ್ನು ನನಗೆ ಫೋನ್ ಮಾಡಿ ಕೇಳಿ, ಶಿಫ್ಟ್ ಮುಗಿಯುವುದರೊಳಗೆ ಓಡಿಸಿದ. ಅವನು ಫೋನ್ ಮಾಡಿ ಕೇಳಿದ ಅನ್ನುವುದೇ ನನಗೆ ಜಾಸ್ತಿ ಖುಷಿ ಕೊಟ್ಟಿತು.

ರಾಜ್ಯ ಸರ್ಕಾರ 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಯುವನಿಧಿ ಶುರು ಮಾಡಿತು. ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3000, ಡಿಪ್ಲೊಮಾದವರಿಗೆ 1500, ಎರಡು ವರ್ಷದವರೆಗೆ. ಬೇಡ ಅನ್ನುವುದಿಲ್ಲ, ಮನೆಯಲ್ಲಿ ಕೈ ಚಾಚಲು ನಾಚುವ ವಯಸ್ಸಿನಲ್ಲಿ ಅದು ಆಸರೆ. ಆ ಎರಡು ವರ್ಷದಲ್ಲಿ, ಇಷ್ಟ ಇರುವವರು ಆರು ತಿಂಗಳಾದರೂ ಒಂದು ಶಾಪ್‌ನಲ್ಲಿ ನಿಂತು ಕಲಿಯುವ ವ್ಯವಸ್ಥೆ ಮಾಡಿ. ಯುವನಿಧಿ ದುಡ್ಡು ಕತ್ತರಿಸದೆ ಮಾಲೀಕರ ಕಡೆಯಿಂದಲೂ ಸ್ಟೈಪೆಂಡ್ ಕೊಡಿಸಿ. ಕಲಿಸುವ ಹಿರಿಯ ಆಪರೇಟರ್‌ಗೂ ಅದಕ್ಕೆ ಅಂತ ಏನಾದರೂ ಸಿಗಲಿ, ಯಾಕೆಂದರೆ ಪ್ರೊಡಕ್ಷನ್ ಟಾರ್ಗೆಟ್ ತಲೆ ಮೇಲಿದ್ದರೆ ಪಕ್ಕದಲ್ಲಿ ನಿಂತವನಿಗೆ ಹೇಳಿಕೊಡಲು ಯಾರಿಗೂ ಪುರುಸೊತ್ತು ಇರುವುದಿಲ್ಲ. ಕೌಶಲ್ಯಾಭಿವೃದ್ಧಿ ಇಲಾಖೆಯವರು ಪೀಣ್ಯ, ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಉದ್ಯಮಬಾಗದಂಥ ಕಡೆ ಬಂದು, ಎಲ್ಲಿ ಮಷಿನ್ ಖಾಲಿ ಇರುತ್ತದೆ, ಯಾರು ಕಲಿಸಬಲ್ಲರು ಅಂತ ಪಟ್ಟಿ ಮಾಡಲಿ. ನಮ್ಮ ಮಾಲೀಕರನ್ನು ಕೇಳಿಯೇ ಬರೆಯುತ್ತಿದ್ದೇನೆ, ನಮ್ಮಲ್ಲಿ ಸೆಕೆಂಡ್ ಶಿಫ್ಟ್‌ನಲ್ಲಿ ಇಬ್ಬರಿಗೆ ಜಾಗ ಇದೆ.

– ಒಬ್ಬ ಸೂಪರ್‌ವೈಸರ್, ಪೀಣ್ಯ, ಬೆಂಗಳೂರು