ಚುಕ್ಕಾಣಿ ಮತ್ತೆ ನೀರಿಗಿಳಿಯಿತು: ಅಕ್ಕನಿಗೆ, ಮತ್ತೆ ಉಳಿದವರಿಗೂ

ಹಾಯಿದೋಣಿ ನೀರಿಗಿಳಿದಿದೆ. ಚುಕ್ಕಾಣಿ ತಿರುಗಿಸುವ ಹಿಡಿ, ಅಂದರೆ ಟಿಲ್ಲರ್, ಎರಡೇ ಬೆರಳಿಗೆ ತಿರುಗುತ್ತಿದೆ. ಚುಕ್ಕಾಣಿಯೊಳಗೆ ನೀರು ಹೊಕ್ಕಿದ್ದರಿಂದ ಅದು ಇಷ್ಟು ದಿನ ರಿಪೇರಿಗಾಗಿ ದಡದ ಮೇಲೆ ಕೂತಿತ್ತು. ಯಾರ ಕೈ ಎಲ್ಲಿ ಬಿತ್ತು ಅನ್ನೋದನ್ನಷ್ಟೇ ಬರೆದಿಡುತ್ತಿದ್ದೇವೆ.

ಟಿಲ್ಲರ್‌ಗೂ ಚುಕ್ಕಾಣಿಗೂ ನಡುವಿನ ಸ್ಟೀಲ್ ದಂಡ ಪೂರ್ತಿ ಕೆಳಗಿಳಿದು ಹೊರಬರಲಿ ಎಂದು ಅದರಡಿ ಗುಂಡಿ ತೋಡಿದವರಿಗೆ, ಟಿಲ್ಲರ್ ತಲೆ ಬಿಚ್ಚುವಾಗ ಕೆಳಗೆ ಜ್ಯಾಕ್ ಹಿಡಿದು ಕೂತವರಿಗೆ, ಟಾರ್ಪಾಲು, ದೀಪ, ತೂಕದ ಯಂತ್ರ ಕೊಟ್ಟವರಿಗೆ ತುಂಬು ಧನ್ಯವಾದ. ನೀವಿಲ್ಲದಿದ್ದರೆ ಕೆಲಸ ಶುರುವೇ ಆಗುತ್ತಿರಲಿಲ್ಲ.

ಆದರೆ ಈ ಬರಹದ ಮುಕ್ಕಾಲು ಪಾಲು ಪಕ್ಕದ ದೋಣಿಯ ಅಕ್ಕನದ್ದು. ಹೆಸರು ಬೇಡ ಅಂದಿದ್ದಾರೆ. ಹೊಗಳಿಕೆ ಬೇಡ ಅಂತ ಹೇಳಿಲ್ಲವಲ್ಲ.

ಮೊದಲ ದಿನವೇ ಅವರು ಸುತ್ತಿಗೆಯ ಹಿಡಿಯಿಂದ ಚುಕ್ಕಾಣಿಯ ಅಲಗನ್ನು, ಅಂದರೆ ನೀರೊಳಗಿರುವ ಚಪ್ಪಟೆ ಭಾಗವನ್ನು, ಅಂಗುಲ ಅಂಗುಲ ತಟ್ಟುತ್ತಾ ಹೋದರು. ಗಟ್ಟಿ ಇದ್ದಲ್ಲಿ ಟಕ್, ಹೊರಗಿನ ಫೈಬರ್‌ಗ್ಲಾಸ್ ಪದರ ಒಳಗಿನ ಫೋಮಿನಿಂದ ಬಿಟ್ಟುಕೊಂಡಲ್ಲಿ ಡಬ್. ಡಬ್ ಅಂದಲ್ಲೆಲ್ಲ ಚಾಕ್‌ಪೀಸಿನ ಗುರುತು. ಆಮೇಲೆ ಅಲಗಿನ ತಳದ ಮೂಲೆಗೆ 6 ಮಿ.ಮೀ. ತೂತು ಹಾಕಿದರು. ಕಂದು ನೀರು ಎರಡು ದಿನ ತೊಟ್ಟಿಕ್ಕಿತು. ಒಣಗಿಸಿ ತೂತು ಮುಚ್ಚೋಣ ಅಂದವರು ನಾವು. "ಒಡೆದ ಫೋಮ್ ಒಣಗೋದಿಲ್ಲ. ನೀರು ನಿಮ್ಮ ಕಣ್ಣಿಗೆ ಕಾಣ್ತಿದೆ, ಅದು ಒಳಗಿನ ಕಬ್ಬಿಣಕ್ಕೆ ಏನು ಮಾಡಿದೆ ಅಂತ ಕಾಣ್ತಿಲ್ಲ. ತೆಗೀರಿ" ಅಂದರು.

ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯುವುದಿಲ್ಲ ಅಂತ ನಾವು ಹಾಯಾಗಿದ್ದೆವು. ಅದನ್ನು ಕಾಯುವುದು ಮೇಲ್ಮೈಯ ತೆಳು ಆಕ್ಸೈಡ್ ಪದರ. ಆ ಪದರ ತಾನೇ ಮತ್ತೆ ಮತ್ತೆ ಮೂಡಬೇಕಾದರೆ ಆಮ್ಲಜನಕ ಬೇಕು. ದಂಡ ಅಲಗಿನೊಳಗೆ ಹೊಕ್ಕುವ ಬಾಯಲ್ಲಿ ಸ್ಟೀಲ್ ಒಂದು ಲೆಕ್ಕಕ್ಕೆ ಹಿಗ್ಗುತ್ತದೆ, ಫೈಬರ್ ಇನ್ನೊಂದು ಲೆಕ್ಕಕ್ಕೆ. ಸೀಲ್ ಬಿರಿಯುತ್ತದೆ, ಉಪ್ಪುನೀರು ಇಳಿದು ಫೋಮಿನಲ್ಲಿ ಅಲ್ಲಾಡದೆ ನಿಲ್ಲುತ್ತದೆ. ಗಾಳಿಯಿಲ್ಲದ ಉಪ್ಪುನೀರಿನಲ್ಲಿ ಸ್ಟೇನ್‌ಲೆಸ್‌ಗೂ ಗುಳಿ ಬೀಳುತ್ತದೆ, ಮೊದಲು ಬೆಸುಗೆಯ ಪಕ್ಕದಲ್ಲೇ.

ಅಂಚಿನಿಂದ 60 ಮಿ.ಮೀ. ಒಳಗೆ ಗ್ರೈಂಡರ್ ಓಡಿಸಿ ಒಂದು ಬದಿಯ ಫೈಬರ್ ಹಾಳೆಯನ್ನು ಇಡಿಯಾಗಿ ಎತ್ತಿದೆವು. ಅಂಚನ್ನು ಬಿಟ್ಟರೆ ಅಲಗಿನ ಆಕಾರ ತಪ್ಪುವುದಿಲ್ಲ ಅನ್ನೋದೂ ಅಕ್ಕನ ಮಾತೇ. ಫೋಮನ್ನು ಉಳಿಯಿಂದ ಕೆತ್ತಿ ತೆಗೆದಾಗ ದಂಡಕ್ಕೆ ಬೆಸೆದ, ಅಲಗನ್ನು ಹಿಡಿದಿಡುವ ಮೂರು ಪಟ್ಟಿಗಳು ಕಂಡವು. ತಳದ್ದು ಆಗಲೇ ಕಳಚಿ ಬಿದ್ದಿತ್ತು. ನಡುವಿನದ್ದು ಹೆಬ್ಬೆರಳು ಒತ್ತಿದ್ದಕ್ಕೇ ಕೈಗೆ ಬಂತು. ಉಳಿದದ್ದು ಒಂದು. ಅದೂ ಹೋಗಿದ್ದರೆ ಟಿಲ್ಲರ್ ತಿರುಗುತ್ತಿತ್ತು, ದಂಡ ತಿರುಗುತ್ತಿತ್ತು, ಅಲಗು ಮಾತ್ರ ಇದ್ದಲ್ಲೇ. ಹೊರಗೆ ಒಂದು ಗೀರೂ ಇರಲಿಲ್ಲ. ಆ ಒಂದು ಪಟ್ಟಿಯನ್ನು ನಂಬಿ ಮಕ್ಕಳನ್ನು ಕೂರಿಸಿಕೊಂಡು ಹೋಗಿದ್ದೆವು. ಆ ಸಂಜೆ ನಮ್ಮ ಕೈ ಆಡಲಿಲ್ಲ. ಅಕ್ಕ ಏನೂ ಹೇಳಲಿಲ್ಲ. ಉಳಿ ತೆಗೆದುಕೊಂಡು ಉಳಿದ ಫೋಮನ್ನು ತಾವೇ ಕೆತ್ತಿ ಮುಗಿಸಿದರು.

ವೆಲ್ಡರ್ ಅಣ್ಣನಿಗೂ ಒಂದು ಮಾತು. ಹಳೆಯ ಬೆಸುಗೆಯ ಮೇಲೆ ಬೆಸುಗೆ ಹಾಕಲು ಒಪ್ಪದೆ, ಎಲ್ಲ ಉಜ್ಜಿ ತೆಗೆದು, ಬಿರುಕಿದೆಯೇ ನೋಡಲು ದಂಡಕ್ಕೆ ಕೆಂಪು ಬಣ್ಣ ಹಚ್ಚಿ ಒರೆಸಿ, ಬಿಳಿ ಪುಡಿ ಸಿಂಪಡಿಸಿ, ಕೆಂಪು ಗೆರೆ ಎಲ್ಲೂ ಮೂಡಲಿಲ್ಲ ಎಂದು ಖಾತ್ರಿಯಾದ ಮೇಲೆಯೇ 316ಎಲ್ ಎಂಬ ಸ್ಟೇನ್‌ಲೆಸ್ ಸ್ಟೀಲಿನ ಪಟ್ಟಿಗಳನ್ನು ಟಿಗ್ ಎಂಬ ವಿದ್ಯುತ್ ಬೆಸುಗೆಯಲ್ಲಿ ಬೆಸೆದರು. ಹೆಸರಿನ ಆ 'ಎಲ್' ಮುಖ್ಯ. ಇಂಗಾಲ ಕಡಿಮೆ ಇರುವುದರಿಂದ ಬೆಸುಗೆಯ ಅಂಚನ್ನು ತುಕ್ಕು ಬೇಗ ತಿನ್ನುವುದಿಲ್ಲ.

ಹೊಸ ಫೋಮನ್ನು ಮೂರು ಸಲಕ್ಕೆ ಸುರಿದೆವು. ಒಂದೇ ಸಲ ಸುರಿದರೆ ನಡುಭಾಗ ಕಾದು ಸೀಳುತ್ತದೆ. ಅದನ್ನು ಮಟ್ಟಸ ಮಾಡಿ, ಮಂದ ಮಾಡಿದ ಎಪಾಕ್ಸಿ ಅಂಟು ಬಳಿದು, ಎತ್ತಿದ ಹಾಳೆಯನ್ನು ಮತ್ತೆ ಕೂರಿಸಿ ಮೇಲೆ ಮರಳಿನ ಚೀಲ ಹೇರಿದೆವು.

ಇನ್ನು ಕತ್ತರಿಸಿದ ಗೆರೆಯನ್ನು ಬೆಸೆದ ಆ ರಾತ್ರಿ. ಹಾಳೆಯ ದಪ್ಪ 4 ಮಿ.ಮೀ. ಅದಕ್ಕೆ ಒಂದಕ್ಕೆ ಹನ್ನೆರಡರ ಇಳಿಜಾರು, ಅಂದರೆ ಕತ್ತರಿಸಿದ ಗೆರೆಯ ಎರಡೂ ಕಡೆ 48 ಮಿ.ಮೀ. ಉಜ್ಜಬೇಕು. ಅದರ ಮೇಲೆ ಚದರ ಮೀಟರಿಗೆ 600 ಗ್ರಾಂ ತೂಗುವ ಬಯಾಕ್ಸಿಯಲ್ (ಎರಡು ದಿಕ್ಕಿಗೆ ಎಳೆಯಿರುವ) ಗಾಜಿನ ನಾರಿನ ಬಟ್ಟೆಯ ಐದು ಪದರ, ಎಪಾಕ್ಸಿಯಲ್ಲಿ ತೋಯಿಸಿ, ಅಗಲದ್ದು ಮೊದಲು, ಕಿರಿದು ಕೊನೆಗೆ. ಆಮೇಲೆ ಉಜ್ಜುವಾಗ ಸವೆಯುವುದು ಕಿರಿದೇ, ಅಗಲದ ಪಟ್ಟಿಯ ಎಳೆ ತುಂಡಾಗುವುದಿಲ್ಲ. ಕೆಳಗಿನ ಪದರ ಇನ್ನೂ ಅಂಟುಅಂಟಾಗಿದ್ದಾಗಲೇ ಮೇಲಿನದ್ದು ಬಿದ್ದರೆ ಎರಡೂ ಒಂದಾಗುತ್ತವೆ. ಪೂರ್ತಿ ಗಟ್ಟಿಯಾದರೆ ತೊಳೆದು, ಉಜ್ಜಿ, ಮತ್ತೆ ಮೊದಲಿಂದ. ಹಾಗಾಗಿ ನಡುವೆ ಮಲಗುವ ಮಾತೇ ಇಲ್ಲ.

ಬೇಗ ಮುಗಿಸುವ ಆತುರಕ್ಕೆ ನಾವು 500 ಗ್ರಾಂ ಎಪಾಕ್ಸಿ ಒಂದೇ ಡಬ್ಬಿಯಲ್ಲಿ ಕಲಸಿದೆವು. ರಾಶಿಯಾಗಿ ನಿಂತ ಎಪಾಕ್ಸಿ ತನ್ನ ಶಾಖದಲ್ಲೇ ಕಾಯುತ್ತದೆ. ಡಬ್ಬಿ ಹೊಗೆಯಾಡಿ ಸೊಟ್ಟಗಾಯಿತು. ಅಕ್ಕ ಅದನ್ನು ಇಕ್ಕಳದಲ್ಲಿ ಹಿಡಿದು ಹೊರಗಿಟ್ಟು ಬಂದು ತೂಕದ ಮುಂದೆ ಕೂತರು. ಅಲ್ಲಿಂದ ಮುಂದೆ ಸಲಕ್ಕೆ 150 ಗ್ರಾಂ, ನಿಧಾನಕ್ಕೆ ಗಟ್ಟಿಯಾಗಿಸುವ ಹಾರ್ಡನರ್, ಕಲಸಿದ ತಕ್ಷಣ ಅಗಲದ ತಟ್ಟೆಗೆ. ಎರಡು ಗಂಟೆಗೆ ಇಬ್ಬನಿ ಶುರುವಾದಾಗ ಟಾರ್ಪಾಲಿನ ಅಂಚಿಗೆ ಕಲ್ಲಿಟ್ಟು ಒಳಗೆ ಬಲ್ಬು ಉರಿಸಿದರು. ತೇವ ಕೂತರೆ ಎಪಾಕ್ಸಿಯ ಮೇಲೆ ಮೇಣದಂಥ ಪೊರೆ ಕಟ್ಟುತ್ತದೆ, ಅದರ ಮೇಲೆ ಏನೂ ಹಿಡಿಯುವುದಿಲ್ಲ. ಮೂರನೇ ಪದರದಡಿ ಸಿಕ್ಕಿಕೊಂಡ ಗಾಳಿಗುಳ್ಳೆಯನ್ನು ಟಾರ್ಚಿನ ಅಡ್ಡ ಬೆಳಕಲ್ಲಿ ಹುಡುಕಿ ರೋಲರ್ ಹಾಕಿದ್ದೂ ಅವರೇ. ಬೆಳಿಗ್ಗೆ ಕೊನೆಯ ಪೀಲ್ ಪ್ಲೈ (ಗಟ್ಟಿಯಾದ ಮೇಲೆ ಸುಲಿದು ತೆಗೆಯುವ ಬಟ್ಟೆ) ಕೂತ ಮೇಲೆಯೇ ಎದ್ದರು.

ಅಲಗಿನ ಆಕಾರ ಬದಲಿಸುವ ಲೆಕ್ಕ ಹಾಕಿ ಪ್ಲೈವುಡ್ ಅಚ್ಚು ಕತ್ತರಿಸಿ ಕೊಟ್ಟ ಗೆಳೆಯನಿಗೆ ಋಣಿ. ಮೊದಲು ಅಲಗಿನ ಅಗಲ 500 ಮಿ.ಮೀ., ದಂಡದ ನಡುಗೆರೆಯ ಮುಂದೆ 40, ಅಂದರೆ ಶೇ. 8. ದಂಡದ ಹಿಂದಿನ ಭಾಗದ ಮೇಲೆ ಬೀಳುವ ನೀರಿನ ಒತ್ತಡವನ್ನು ಸರಿದೂಗಿಸಲು ಮುಂದಿನ ಭಾಗ ಸಾಲುತ್ತಿರಲಿಲ್ಲ, ಟಿಲ್ಲರ್ ಭಾರವಾಗಿದ್ದದ್ದು ಅದಕ್ಕೂ. ಮುಂಭಾಗಕ್ಕೆ 40 ಮಿ.ಮೀ. ಸೇರಿಸಿದ್ದರಿಂದ ಈಗ 540ರಲ್ಲಿ 80, ಹತ್ತಿರ ಹತ್ತಿರ ಶೇ. 15. ಶೇ. 20 ದಾಟಿದರೆ ಚುಕ್ಕಾಣಿ ತಾನೇ ತಿರುಗಲು ನೋಡುತ್ತದೆ, ದುರಾಸೆ ಬೇಡ. ಅಚ್ಚು ನಾಕಾ 0012, ಅಂದರೆ ವಿಮಾನದ ರೆಕ್ಕೆಗಳಿಗೆ ರೂಪಿಸಿದ ಒಂದು ಪ್ರಮಾಣಿತ ಆಕಾರ: ಮುಂದಂಚಿನಿಂದ 162 ಮಿ.ಮೀ.ನಲ್ಲಿ ಅತಿ ದಪ್ಪ, ಸುಮಾರು 65. ಹಿಂದಂಚನ್ನು ದುಂಡಗೆ ಮಾಡದೆ 3 ಮಿ.ಮೀ. ಚೌಕವಾಗಿ ಬಿಟ್ಟಿದ್ದೇವೆ. ದುಂಡಗಿದ್ದರೆ ವೇಗದಲ್ಲಿ ಗುಂಯ್ಗುಡುತ್ತದೆ.

ದಂಡ ತಿರುಗುವ ನೈಲಾನ್ ಬುಷ್ (ಬಳೆಯಂಥ ಒಳತೋಳು) ನೀರು ಕುಡಿದು ಊದಿ ಬಿಗಿಯಾಗಿತ್ತು. ನೀರು ಅಷ್ಟಾಗಿ ಹೀರದ ಅಸಿಟಾಲ್ ಪ್ಲಾಸ್ಟಿಕ್ಕಿನ ಬುಷ್ ಕಡೆದುಕೊಟ್ಟವರಿಗೆ ಧನ್ಯವಾದ. ದಂಡ ಹೊಕ್ಕುವ ಬಾಯಿಯ ಸುತ್ತ 10 ಮಿ.ಮೀ. ಆಳದ ಕಾಲುವೆ ತೋಡಿ, ಹಿಗ್ಗಿ ಕುಗ್ಗುವ ಪಾಲಿಯುರೆಥೇನ್ ಸೀಲಂಟ್ ತುಂಬಿದ್ದೇವೆ. ತಳದ ತೂತನ್ನು ಅಕ್ಕ ಮುಚ್ಚಲು ಬಿಡಲಿಲ್ಲ, ಸ್ಕ್ರೂ ಬಿರಡೆ ಹಾಕಿಸಿದರು. ದೋಣಿ ಮೇಲೆ ಬಂದಾಗಲೆಲ್ಲ ಬಿಚ್ಚಿ ನೋಡಬೇಕಂತೆ.

ಅಕ್ಕಾ, ನಿಮ್ಮ ಎಂಟು ಕ್ಲ್ಯಾಂಪುಗಳಲ್ಲಿ ಏಳು ತೊಳೆದಿಟ್ಟಿದ್ದೇವೆ. ಎಂಟನೆಯದಕ್ಕೆ ಆ ರಾತ್ರಿಯ ಎಪಾಕ್ಸಿ ಕಚ್ಚಿಕೊಂಡಿದೆ. ಬಿಡಿಸಿಕೊಂಡು ಬರುತ್ತೇವೆ.