ಮೊಲದ ಮರಿಗಳನ್ನು ಅಲ್ಲೇ ಬಿಡು ಮಾರಾಯ

ಪ್ರಿಯ ಸುರೇಶ,

ನಿನ್ನ ಹಿತ್ತಲಲ್ಲಿ ಸಿಕ್ಕ ಮೊಲದ ಗೂಡಿನ ಫೋಟೋ ನೋಡಿದೆ. ಮರಿಗಳನ್ನು ಮನೆಯೊಳಗೆ ತರಬೇಡ. ಅಮೆರಿಕದ ನಿಮ್ಮ ಓಹಾಯೋದಲ್ಲಿ ಹಿತ್ತಲ ಹುಲ್ಲಿನ ನಡುವೆ ಇಂಥ ಗೂಡು ಸಿಗುವುದು ಮಾಮೂಲು. ಅದು ಕಾಟನ್‌ಟೇಲ್ ಅನ್ನುವ ಅಲ್ಲಿಯ ಕಾಡುಮೊಲದ್ದು.

ತಾಯಿ ಇಡೀ ದಿನ ಕಾಣಲೇ ಇಲ್ಲ ಅಂತ ಬರೆದಿದ್ದೀಯ. ಅದು ದೂರ ಇರುವುದೇ ಮರಿಗಳಿಗೆ ಕ್ಷೇಮ, ಪಕ್ಕದಲ್ಲೇ ಕೂತಿದ್ದರೆ ನರಿಗೋ ಬೆಕ್ಕಿಗೋ ಗೂಡಿನ ಜಾಗ ಗೊತ್ತಾಗಿಬಿಡುತ್ತದೆ ಅಲ್ವಾ? ನಸುಕಿನಲ್ಲಿ, ಸಂಜೆ ಕತ್ತಲಾಗುವಾಗ ಒಂದೆರಡು ಸಲ ಬಂದು, ಕೆಲವೇ ನಿಮಿಷ ಹಾಲು ಕುಡಿಸಿ ಹೊರಟುಬಿಡುತ್ತದೆ. ಆ ಹಾಲಿನಲ್ಲಿ ಕೊಬ್ಬು ಜಾಸ್ತಿ, ಅಷ್ಟೇ ಸಾಕು. ನೀನು ಪಾಪ ಅಂತ ಹಸುವಿನ ಹಾಲು ಕುಡಿಸಿದರೆ ಮರಿ ಉಳಿಯುವುದು ಕಷ್ಟ. ಅನುಮಾನ ಹೋಗದಿದ್ದರೆ ಗೂಡಿನ ಮೇಲೆ ಎರಡು ದಾರ ಅಡ್ಡಡ್ಡ ಇಟ್ಟು, ಬೆಳಿಗ್ಗೆ ನೋಡು. ಸರಿದಿದ್ದರೆ ತಾಯಿ ಬಂದು ಹೋಗಿದೆ ಅಂತ ಅರ್ಥ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಅನ್ನುವುದೆಲ್ಲ ಸುಮ್ನೆ ಮಾತು.

ನಮ್ಮೂರ ಹೊಲದ ಮೊಲದ ಮರಿ ಹುಟ್ಟುವಾಗಲೇ ಮೈತುಂಬ ಕೂದಲು, ಕಣ್ಣೂ ತೆರೆದಿರುತ್ತದೆ. ಇವು ಹಾಗಲ್ಲ, ಬರಿಮೈ, ಮುಚ್ಚಿದ ಕಣ್ಣು. ಬಿಲ ತೋಡುವ ಅಭ್ಯಾಸವೂ ಕಾಟನ್‌ಟೇಲ್‌ಗೆ ಇಲ್ಲ. ನೆಲದಲ್ಲಿ ಸಣ್ಣ ಗುಂಡಿ ಕೆದಕಿ, ಒಣಹುಲ್ಲು ಹಾಸಿ, ತನ್ನ ಹೊಟ್ಟೆಯ ಕೂದಲನ್ನೇ ಕಿತ್ತು ಹೊದಿಸುತ್ತದೆ. ನಿನ್ನ ಫೋಟೋದಲ್ಲಿರುವ ಬೂದು ಕೂದಲು ಅದೇ.

ಕಾಟನ್‌ಟೇಲ್ ಗಬ್ಬ ಕಟ್ಟಿದ ಸುಮಾರು 28 ದಿನಕ್ಕೆಲ್ಲ ಮರಿ ಹಾಕುತ್ತದೆ, ಹಾಕಿದ ದಿನವೇ ಮತ್ತೆ ಗಬ್ಬ ಕಟ್ಟಬಹುದು, ವರ್ಷಕ್ಕೆ ಮೂರು ನಾಲ್ಕು ಸೂಲು, ಆದರೂ ಊರೆಲ್ಲ ಮೊಲ ತುಂಬಿಹೋಗಿಲ್ಲ, ಯಾಕಂದ್ರೆ ಹುಟ್ಟಿದವುಗಳಲ್ಲಿ ಹೆಚ್ಚಿನವು ಒಂದು ವರ್ಷವೂ ಬದುಕುವುದಿಲ್ಲ. ಗೂಬೆ, ಗಿಡುಗ, ಕಯೋಟಿ ಅನ್ನುವ ನರಿಯಂಥ ಪ್ರಾಣಿ, ಎಲ್ಲಕ್ಕೂ ಇದೇ ಊಟ.

ಮರಿಗಳು ಸುಮಾರು ಒಂದು ವಾರದಲ್ಲಿ ಕಣ್ಣು ಬಿಡುತ್ತವೆ, ಎರಡು ಮೂರು ವಾರದಲ್ಲಿ ಗೂಡು ಬಿಟ್ಟು ಹೋಗುತ್ತವೆ. ಅಲ್ಲಿಯವರೆಗೆ ಆ ಕಡೆ ಹುಲ್ಲು ಕತ್ತರಿಸುವ ಮಷೀನ್ ಓಡಿಸಬೇಡ, ನಾಯಿಯನ್ನು ಕಟ್ಟಿಹಾಕು. ಮರಿ ಟೆನಿಸ್ ಚೆಂಡಿನಷ್ಟಾಗಿ, ಕಿವಿ ನೆಟ್ಟಗೆ ಮಾಡಿಕೊಂಡು ಓಡಾಡುತ್ತಿದ್ದರೆ ಅದನ್ನು ಹಿಡಿದು ಕಾಪಾಡಲು ಹೋಗಬೇಡ, ಅದು ಆಗಲೇ ಸ್ವತಂತ್ರ.

ಇನ್ನು ಯಾವುದೋ ಪ್ರಾಣಿ ಕಡಿದಿರುವ ನಿನ್ನ ಸೇಬಿನ ಸಸಿ. ತುದಿ ಚಾಕುವಿನಿಂದ ಓರೆಯಾಗಿ ಕೊಯ್ದಂತಿದ್ದರೆ ಮೊಲದ ಕೆಲಸ, ಹರಿದಂತಿದ್ದರೆ ಜಿಂಕೆಯದು. ಚಳಿಗಾಲದಲ್ಲಿ ಮೊಲಗಳು ಮಲಗಿಬಿಡುವುದಿಲ್ಲ, ಹಸಿರು ಸಿಗದಿದ್ದಾಗ ತೊಗಟೆ ಕೆರೆದು ತಿನ್ನುತ್ತವೆ. ಹಿಮ ಬೀಳುವ ಮೊದಲೇ ಬುಡಕ್ಕೆ ತಂತಿಬಲೆ ಸುತ್ತು, ಹಿಮದ ಮೇಲೆ ನಿಂತರೂ ಎಟುಕದಷ್ಟು ಎತ್ತರಕ್ಕೆ. ಮೆಂತ್ಯ ಸೊಪ್ಪಿನ ಮಡಿಗೂ ಒಂದು ಬಲೆ ಹಾಕಿಬಿಡು.

ನಿನ್ನ,
ರವಿ